ಕೂಪರ್ಸ್‌ಟೌನಿಗೆ ಹೊರಟ ಮಗಳಿಗೆ

ಪುಟ್ಟೀ,

ಗೆಳತಿಯರ ಜೊತೆ ಕೂಪರ್ಸ್‌ಟೌನಿಗೆ ಹೋಗ್ತೀನಿ ಅಂದೆಯಲ್ಲ, ಹೊಟ್ಟೆಕಿಚ್ಚಾಯಿತು. ಅಲ್ಲಿರುವ ಬೇಸ್‌ಬಾಲಿನ ಹಾಲ್ ಆಫ್ ಫೇಮ್, ಅದೇ ದೊಡ್ಡ ದೊಡ್ಡವರ ಫಲಕ ಹಾಕಿ ಗೌರವಿಸೋ ಮ್ಯೂಸಿಯಂ, ನೋಡಬೇಕೆಂದು ನನಗೂ ಬಹಳ ದಿನದ ಆಸೆ. “ಅಷ್ಟು ದೊಡ್ಡ ಆಟಗಾರ ಬ್ಯಾರಿ ಬಾಂಡ್ಸ್ ಅಲ್ಲಿ ಯಾಕಿಲ್ಲ ಅಮ್ಮಾ?” ಎಂದು ನೀನು ಕೇಳಿದಾಗ ಕುಕ್ಕರ್ ಕೂಗುತ್ತಿತ್ತು, ಮಾತು ಅಲ್ಲೇ ನಿಂತಿತು. ಅದಕ್ಕೇ ಈ ಪತ್ರ.

2007ರ ಆಗಸ್ಟ್ 7ರ ರಾತ್ರಿ ನಿನಗೆ ನೆನಪಿರಲ್ಲ. ಎರಡು ವರ್ಷದವಳು ನೀನು. ಟಿವಿ ಮುಂದೆ ಕೂತು ನಿನಗೆ ಮೊಸರನ್ನ ತಿನ್ನಿಸುತ್ತಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಂಡ್ಸ್ ತನ್ನ 756ನೇ ಹೋಮ್ ರನ್ (ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ) ಹೊಡೆದ. ಹಳೆಯ ಆಟಗಾರ ಹ್ಯಾಂಕ್ ಆರನ್ ಅವರ ಜೀವಮಾನದ 755ರ ದಾಖಲೆ ಹೋಯಿತು. ಚೆಂಡು ಇನ್ನೂ ಗಾಳಿಯಲ್ಲಿದ್ದಾಗಲೇ ಎರಡೂ ಕೈ ಎತ್ತಿ ನಿಂತಿದ್ದ. ದೊಡ್ಡ ಪರದೆಯ ಮೇಲೆ ಆರನ್ ಅವರೇ ಅಭಿನಂದನೆ ಹೇಳಿದರು. ನಾನು ಚಪ್ಪಾಳೆ ಹೊಡೆದ ರಭಸಕ್ಕೆ ಬಟ್ಟಲು ಉರುಳಿ ಮೊಸರನ್ನವೆಲ್ಲ ಕಾರ್ಪೆಟ್ ಪಾಲು.

ಇವನು ಏನೋ ತೆಗೆದುಕೊಂಡಿದ್ದಾನೆ ಎಂಬ ಅನುಮಾನ ಆಗಲೇ ಇತ್ತು. ನಮ್ಮೂರಿಂದ ಸ್ವಲ್ಪ ದೂರದ ಬರ್ಲಿಂಗೇಮ್‌ನಲ್ಲಿ ಬಾಲ್ಕೋ ಅನ್ನೋ ಲ್ಯಾಬ್ ಇತ್ತು. ಆಟಗಾರರಿಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳದ ಸ್ಟೆರಾಯ್ಡ್, ಅಂದರೆ ಸ್ನಾಯು ಬೆಳೆಸುವ ಮದ್ದು, ಕೊಡುತ್ತಿತ್ತು. ಬಾಂಡ್ಸ್ 2003ರಲ್ಲಿ ಅದರ ವಿಚಾರಣೆಯ ಗ್ರ್ಯಾಂಡ್ ಜ್ಯೂರಿ ಮುಂದೆ ಏನೆಂದ ಗೊತ್ತಾ? ನನ್ನ ಟ್ರೇನರ್ ಕೊಟ್ಟಿದ್ದು ಅಗಸೆ ಎಣ್ಣೆ ಅಂದುಕೊಂಡಿದ್ದೆ ಅಂತ! ಹುಬ್ಬಳ್ಳಿಯಲ್ಲಿ ನಾನು ಹುಟ್ಟಿದಾಗಿಂದ ಅಗಸಿ ಚಟ್ನಿ ತಿಂದವಳು. ನಮ್ಮ ಮನೆಯಲ್ಲಿ ಯಾರೂ ಬಾಂಡ್ಸ್ ಹಾಗೆ ಒಂದೇ ಸೀಸನ್ನಿನಲ್ಲಿ 73 ಹೋಮ್ ರನ್ ಹೊಡೆದದ್ದು ಕಾಣೆ.

ಆದರೂ ನನ್ನ ಸಿಟ್ಟು ಬಾಂಡ್ಸ್ ಮೇಲಲ್ಲ. 1994ರಲ್ಲಿ ಆಟಗಾರರ ಮುಷ್ಕರದಿಂದ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಜನ ಮುನಿಸಿಕೊಂಡರು. 1998ರಲ್ಲಿ ಮಾರ್ಕ್ ಮೆಗ್ವಾಯರ್ 70, ಸ್ಯಾಮಿ ಸೋಸಾ 66 ಹೋಮ್ ರನ್ ಹೊಡೆದರು ನೋಡು, ಸ್ಟೇಡಿಯಮ್‌ಗಳು ಮತ್ತೆ ತುಂಬಿದವು. ಮೆಗ್ವಾಯರ್ ಲಾಕರಿನಲ್ಲಿ ಸ್ನಾಯು ಬೆಳೆಸುವ ಮಾತ್ರೆಯ ಬಾಟಲಿಯನ್ನು ಪತ್ರಕರ್ತರೊಬ್ಬರು ಆಗಲೇ ನೋಡಿ ಬರೆದಿದ್ದರು. ಯಾರಿಗೂ ಬೇಕಿರಲಿಲ್ಲ. ಸ್ಟೆರಾಯ್ಡ್ ಬೇಡ ಎಂದು 1991ರಲ್ಲೇ ಸುತ್ತೋಲೆ ಹೋಗಿತ್ತು, ಆದರೆ ಪರೀಕ್ಷೆಯೇ ಇರಲಿಲ್ಲ. ಆಟಗಾರರ ಸಂಘಕ್ಕೂ ಅದು ಬೇಡವಾಗಿತ್ತು. ಸಿಕ್ಕಿಬಿದ್ದವರಿಗೆ ಶಿಕ್ಷೆ ಶುರುವಾಗಿದ್ದು 2004ರಲ್ಲಿ. ಅಲ್ಲಿಯವರೆಗೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಆ ಕಾಲದಲ್ಲಿ ಬೇಸ್‌ಬಾಲಿನ ಕಮಿಷನರ್, ಅಂದರೆ ಮುಖ್ಯಸ್ಥ, ಬಡ್ ಸೆಲಿಗ್. 2017ರಲ್ಲಿ ಅವರ ಕಂಚಿನ ಫಲಕ ಅಲ್ಲಿ ಗೋಡೆ ಹತ್ತಿತು. ನೀನೇ ನೋಡ್ತೀಯ. ಯಾವ ಆಟಗಾರ ಒಳಗೆ ಹೋಗಬೇಕೆಂದು ವೋಟು ಹಾಕುವ ಪತ್ರಕರ್ತರ ಮುಂದೆ ಬಾಂಡ್ಸ್ ಹೆಸರು ಹತ್ತು ವರ್ಷ ಬಂತು; ಕೊನೆಯ ಸಲ, 2022ರಲ್ಲಿ, ಸಿಕ್ಕಿದ್ದು ಶೇ. 66 ವೋಟು. ಬೇಕಿದ್ದದ್ದು 75. ಅದೇ ವರ್ಷ ಇನ್ನೊಬ್ಬ ಆಟಗಾರ ಡೇವಿಡ್ ಓರ್ಟಿಜ್ ಮೊದಲ ಪ್ರಯತ್ನದಲ್ಲೇ ಒಳಗೆ ಹೋದ. 2003ರಲ್ಲಿ, ಶಿಕ್ಷೆ ಶುರುವಾಗುವ ಮುಂಚೆ, ಹೆಸರು ಗುಟ್ಟಾಗಿಟ್ಟು ಮಾಡಿದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಲ್ಲಿ ಅವನ ಹೆಸರೂ ಇತ್ತೆಂದು ಪತ್ರಿಕೆಯಲ್ಲಿ ಬಂದಿತ್ತು. ಅವನ ನಗು ಎಲ್ಲರಿಗೂ ಇಷ್ಟ. ಬಾಂಡ್ಸ್ ಪತ್ರಕರ್ತರಿಗೆ ಮುಖ ಕೊಟ್ಟು ಮಾತಾಡಿದವನಲ್ಲ. ನಾನು ಇಷ್ಟೇ ಹೇಳೋದು.

ನನ್ನ ಕೈಲಿ ವೋಟಿದ್ದರೆ ಬಾಂಡ್ಸ್‌ಗೆ ಹಾಕುತ್ತಿದ್ದೆ. ಇನ್ನೊಬ್ಬ ದೊಡ್ಡ ಆಟಗಾರ ಅಲೆಕ್ಸ್ ರಾಡ್ರಿಗಸ್‌ಗೆ ಇಲ್ಲ. ಶಿಕ್ಷೆ ಇದೆ ಅಂತ ಗೊತ್ತಿದ್ದೂ ತೆಗೆದುಕೊಂಡು, 2014ರ ಸೀಸನ್ ಪೂರ್ತಿ ಹೊರಗೆ ಕೂತವನು ಅವನು.

ನಿನ್ನಪ್ಪ ಒಪ್ಪಲ್ಲ. “ಏನೂ ತಗೊಳ್ಳದೆ, ಮೇಲೆ ಬರಲಾಗದೆ ಕೆಳಗಿನ ಮೈನರ್ ಲೀಗಿನಲ್ಲೇ ಮುಗಿದುಹೋದ ಒಬ್ಬ ಹುಡುಗನ ಹೆಸರು ಹೇಳು ನೋಡೋಣ” ಅಂದರು ಮೊನ್ನೆ ಊಟಕ್ಕೆ ಕೂತಾಗ. ಒಂದೂ ಹೊಳೆಯಲಿಲ್ಲ. ಸುಮ್ನೆ ತಟ್ಟೆ ಎತ್ತಿಕೊಂಡು ಎದ್ದೆ.

ಇನ್ನೊಂದು. ಆ 756ನೇ ಚೆಂಡನ್ನು ಒಬ್ಬ ಫ್ಯಾಷನ್ ಡಿಸೈನರ್ ಏಳೂವರೆ ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡ. ಏನು ಮಾಡಲಿ ಎಂದು ಜನರನ್ನೇ ವೋಟು ಕೇಳಿದ. ಅವರು ಹೇಳಿದಂತೆ ಚೆಂಡಿನ ಚರ್ಮದ ಮೇಲೆ ಈ ದಾಖಲೆಯ ಬಗ್ಗೆ ಅನುಮಾನವಿದೆ ಅನ್ನೋ ಹಾಗೆ ಒಂದು ನಕ್ಷತ್ರದ ಗುರುತು ಹಾಕಿಸಿ ಕೂಪರ್ಸ್‌ಟೌನಿಗೆ ಕೊಟ್ಟ. ಹೊಡೆದವನು ಹೊರಗೆ, ಚೆಂಡು ಒಳಗೆ. ಪ್ರದರ್ಶನಕ್ಕೆ ಇಟ್ಟಿದ್ದರೆ ಒಂದು ಫೋಟೋ ತೆಗೆದು ಕಳಿಸು. ಗಾಜಿನ ಮೇಲೆ ಫ್ಲ್ಯಾಶ್ ಬೀಳದ ಹಾಗೆ ನೋಡಿಕೋ. ಸ್ವೆಟರ್ ಮರೀಬೇಡ.

ನಿನ್ನ ಅಮ್ಮ