ಕುಂಟೆಗೆ ಮೂರು ಮೀಟರ್ ಸಾಕೇ?

ಸಂಪಾದಕರಿಗೆ,

ಮಾನ್ಯರೇ,

ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂದಾಗಿನಿಂದ ಅದರ ಬಗ್ಗೆ ನಡೆದಿರುವ ಚರ್ಚೆ ಬಹುಪಾಲು ಬೆಂಗಳೂರಿನ ಕೆರೆಗಳನ್ನೇ ಕುರಿತದ್ದು. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನೂ ಅವುಗಳ ದಡದ ನಿವೇಶನಗಳ ಬೆಲೆಯನ್ನೂ ನೋಡಿದವರಿಗೆ ಅದು ಸಹಜವೇ. ಆದರೆ ಈ ತಿದ್ದುಪಡಿಯ ಹಿಂದಿರುವ ಲೆಕ್ಕಾಚಾರದಿಂದ ಹೆಚ್ಚು ಪೆಟ್ಟು ತಿನ್ನುವುದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂಥ ಜಿಲ್ಲೆಗಳ ಸಣ್ಣ ಕೆರೆ, ಕಟ್ಟೆ, ಕುಂಟೆಗಳು. ಕೋಲಾರ ತಾಲ್ಲೂಕಿನಲ್ಲಿ ಮಳೆಯನ್ನು ನಂಬಿ ರಾಗಿಯನ್ನೂ, ಕೊಳವೆಬಾವಿಯನ್ನು ನಂಬಿ ಟೊಮೆಟೊವನ್ನೂ ಬೆಳೆದುಕೊಂಡು ಬಂದ ನನ್ನಂಥವನಿಗೆ ಈ ವಿಷಯದಲ್ಲಿ ಹೇಳಲೇಬೇಕೆನಿಸಿದ ಒಂದು ಮಾತಿದೆ.

ಇದುವರೆಗೆ ಕೆರೆ ದೊಡ್ಡದಿರಲಿ ಚಿಕ್ಕದಿರಲಿ, ಅದರ ಅಂಚಿನಿಂದ 30 ಮೀಟರ್‌ವರೆಗೆ ಕಟ್ಟಡ ಕಟ್ಟುವಂತಿರಲಿಲ್ಲ. ತಿದ್ದುಪಡಿಯು ಈ ಮೀಸಲು ಪ್ರದೇಶವನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುತ್ತದೆ. ನೂರು ಎಕರೆಗೂ ಮೇಲ್ಪಟ್ಟ ಕೆರೆಗೆ ಮೊದಲಿನಂತೆ 30 ಮೀಟರ್ ಉಳಿಯುತ್ತದೆ. ಅಲ್ಲಿಂದ ಕೆಳಕ್ಕೆ 24, 12, 6 ಎಂದು ಇಳಿಯುತ್ತಾ ಹೋಗಿ, ಒಂದು ಎಕರೆಯೊಳಗಿನ ಕುಂಟೆಗೆ ಬರುವ ಹೊತ್ತಿಗೆ 3 ಮೀಟರ್ ಆಗುತ್ತದೆ. ಚಿಕ್ಕ ಕೆರೆಗೆ ಚಿಕ್ಕ ಅಂಚು ಸಾಕೆಂಬ ತರ್ಕ ಕೇಳುವುದಕ್ಕೇನೋ ಸರಿಯಾಗಿಯೇ ಇದೆ. ನಗರದೊಳಗೆ ಅರ್ಧ ಎಕರೆಯ ಕುಂಟೆಯ ಪಕ್ಕದಲ್ಲಿ ನಾಲ್ಕು ಗುಂಟೆ ಜಮೀನಿಟ್ಟುಕೊಂಡು ಮನೆ ಕಟ್ಟಲಾಗದೆ ಕುಳಿತ ಬಡವನ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆರೆಯನ್ನು ಅದರ ಅಂಗಳದ ಅಳತೆಯಿಂದ ತೂಗುವುದೇ ಮೂಲದಲ್ಲಿ ತಪ್ಪು.

ನಮ್ಮ ಸೀಮೆಯ ಕೆರೆಗಳನ್ನು ಬಿಡಿಬಿಡಿಯಾಗಿ ಕಟ್ಟಿದವರಿಲ್ಲ. ಗುಡ್ಡದ ಬುಡದಲ್ಲಿ ಒಂದು ಕುಂಟೆ, ಅದರ ಕೋಡಿ ಹರಿದರೆ ಕೆಳಗಿನ ಕಟ್ಟೆಗೆ, ಕಟ್ಟೆ ತುಂಬಿದರೆ ಊರ ಕೆರೆಗೆ, ಊರ ಕೆರೆ ಕೋಡಿ ಬಿದ್ದರೆ ಪಕ್ಕದೂರಿನ ದೊಡ್ಡಕೆರೆಗೆ, ಕೊನೆಗೆ ಪಾಲಾರ್ ಹಳ್ಳಕ್ಕೆ ಎಂಬಂತೆ ಒಂದರ ಹೆಚ್ಚುವರಿ ನೀರು ಇನ್ನೊಂದರ ಪಾಲಾಗುವ ಸರಪಳಿ ಅದು. ಕೋಲಾರ ಜಿಲ್ಲೆಯ ನಕ್ಷೆಯನ್ನು ಎದುರಿಗೆ ಹರಡಿಕೊಂಡರೆ ದಾರದಲ್ಲಿ ಪೋಣಿಸಿದಂತೆ ಈ ಸರಪಳಿಗಳು ಕಾಣುತ್ತವೆ. ಈ ಏರ್ಪಾಟಿನಲ್ಲಿ ಮೇಲಿನ ಕುಂಟೆಯ ಮುಖ್ಯ ಕೆಲಸ ನೀರು ತುಂಬಿಡುವುದಲ್ಲ. ಮೊದಲ ಬಿರುಮಳೆಗೆ ಗುಡ್ಡದಿಂದ ಕೊಚ್ಚಿ ಬರುವ ಮಣ್ಣನ್ನು ತಡೆದು ನಿಲ್ಲಿಸುವುದು, ರಭಸ ಇಳಿದ ನೀರನ್ನು ಕೆಳಕ್ಕೆ ಕಳಿಸುವುದು, ಉಳಿದದ್ದನ್ನು ಭೂಮಿಗೆ ಇಂಗಿಸುವುದು ಅದರ ಕೆಲಸ. ಕುಂಟೆ ಹೋದರೆ ಆ ಮಣ್ಣೆಲ್ಲ ನೇರವಾಗಿ ಊರ ಕೆರೆಗೆ ಇಳಿಯುತ್ತದೆ. ಆಮೇಲೆ ಅದೇ ಹೂಳೆತ್ತಲು ಟೆಂಡರ್ ಕರೆಯಬೇಕಾಗುತ್ತದೆ.

ವಿಚಿತ್ರವೆಂದರೆ 2014ರ ಮೂಲ ಕಾಯ್ದೆಗೆ ಇದು ತಿಳಿದಿತ್ತು. ಕೆರೆ ಎಂದರೆ ಏನೆಂಬುದನ್ನು ವಿವರಿಸುವಾಗ ಅದು ನೀರಿರಲಿ ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದು ನಮೂದಾದುದೆಲ್ಲವನ್ನೂ ಒಳಗೊಂಡಿತ್ತು. ಅಷ್ಟೇ ಅಲ್ಲ, ರಾಜಕಾಲುವೆ, ಏರಿ, ತೂಬು, ಕೋಡಿಗಳನ್ನೂ ಸುತ್ತಲ ಜಲಾನಯನದ ಅಂಚನ್ನೂ ಕೆರೆಯ ಭಾಗವೆಂದೇ ಎಣಿಸಿತ್ತು. ಹೀಗೆ ಸರಪಳಿಯನ್ನು ಕಂಡಿದ್ದ ಕಾಯ್ದೆಗೆ, ಒಂದೊಂದು ಕೊಂಡಿಯನ್ನೂ ಬೇರೆಬೇರೆಯಾಗಿ ತಕ್ಕಡಿಗಿಟ್ಟು ಹಗುರವಾದದ್ದಕ್ಕೆ ಕಡಿಮೆ ಕಾವಲು ಎನ್ನುವ ತಿದ್ದುಪಡಿ ಹೇಗೆ ಹೊಂದುತ್ತದೆ?

ನಮ್ಮೂರಿನ ಉದಾಹರಣೆಯನ್ನೇ ಹೇಳುತ್ತೇನೆ. ಊರ ಪಡುವಣಕ್ಕೆ, ಗುಡ್ಡದ ಇಳಿಜಾರಿನಲ್ಲಿ, ಪಹಣಿಯ ಪ್ರಕಾರ 32 ಗುಂಟೆಯ ಕುಂಟೆಯೊಂದಿದೆ. ಅದಕ್ಕೆ ನೀರು ತರುತ್ತಿದ್ದ ಕಾಲುವೆ ನಾನು ಹುಡುಗನಾಗಿದ್ದಾಗ ಎರಡು ಎತ್ತಿನ ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲವಿತ್ತು. ಹತ್ತು ವರ್ಷಗಳ ಹಿಂದೆ ಆ ಕಾಲುವೆಗೆ ಅಡ್ಡಲಾಗಿ ಒಂದು ಬಡಾವಣೆಗೆ ಮಣ್ಣು ರಸ್ತೆ ಬಂತು. ನೀರು ಹೋಗಲೆಂದು ಕೆಳಗೆ ಎರಡು ಸಿಮೆಂಟ್ ಪೈಪು ಹೂತರು. ನಡುವೆ ಮಳೆಯಿಲ್ಲದ ವರ್ಷಗಳು ಕಳೆದುದರಿಂದ ಯಾರಿಗೂ ಏನೂ ಅನಿಸಲಿಲ್ಲ. 2021ರ ನವೆಂಬರಿನಲ್ಲಿ ಮಳೆ ಬಿಡದೆ ಸುರಿದು ಜಿಲ್ಲೆಯ ಎಷ್ಟೋ ಕೆರೆಗಳು ವರ್ಷಾನುಗಟ್ಟಲೆ ಕಾಲದ ನಂತರ ಕೋಡಿ ಬಿದ್ದಾಗ, ಆ ಪೈಪುಗಳ ಬಾಯಿಗೆ ಜಾಲಿಮುಳ್ಳೂ ಪ್ಲಾಸ್ಟಿಕ್ಕೂ ಕಟ್ಟಿಕೊಂಡು ನೀರು ರಸ್ತೆಯ ಮೇಲೇರಿ, ಕುಂಟೆಯ ದಾರಿ ಬಿಟ್ಟು ಹೊಲಗಳಿಗೆ ನುಗ್ಗಿತು. ಕೊಯ್ದು ಹಾಸಿದ್ದ ರಾಗಿ ಹೊಲದಲ್ಲೇ ನೆನೆದು, ತೆನೆಯ ಮೇಲೆಯೇ ಬಿಳಿ ಮೊಳಕೆ ಒಡೆದಿತ್ತು. ಅಂಥ ಮಳೆಯಲ್ಲೂ ನಮ್ಮ ಕುಂಟೆ ಅರ್ಧ ತುಂಬಿತು, ಅಷ್ಟೆ. ನೀರು ಇಳಿದ ಮೇಲೆ ವಿಚಾರಿಸಲು ಹೋದಾಗ ಒಂದು ಕಚೇರಿಯಲ್ಲಿ ಕಾಲುವೆ ನಕ್ಷೆಯಲ್ಲಿದೆ ಎಂದರು, ಇನ್ನೊಂದರಲ್ಲಿ ಅದು ಖರಾಬು (ಸಾಗುವಳಿಗೆ ಸೇರದ ನೆಲ), ನಮಗೆ ಸೇರಿದ್ದಲ್ಲ ಎಂದರು, ಮೂರನೆಯದರಲ್ಲಿ ಅರ್ಜಿ ಕೊಟ್ಟು ಹೋಗಿ ಎಂದರು. ಅರ್ಜಿಯ ಸ್ವೀಕೃತಿ ಚೀಟಿ ಈಗಲೂ ನನ್ನ ಬಳಿ ಇದೆ.

ಇದರಲ್ಲಿ ಯಾವೊಬ್ಬ ನೌಕರನ ತಪ್ಪಿಗಿಂತ ಆಡಳಿತದ ರಚನೆಯದೇ ತಪ್ಪು ಹೆಚ್ಚು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದು. ಅದಕ್ಕಿಂತ ಚಿಕ್ಕದು ಪಂಚಾಯತಿಗಳದು. ನೆಲ ಕಂದಾಯ ಇಲಾಖೆಯದು. ಅಳತೆ ಭೂಮಾಪನ ಇಲಾಖೆಯದು. ಗುಡ್ಡ ಅರಣ್ಯ ಇಲಾಖೆಯದು. ಬಡಾವಣೆಗೆ ಅನುಮತಿ ಕೊಡುವವರು ಮತ್ತೊಬ್ಬರು. ಒಂದೇ ನೀರು ಗುಡ್ಡದಿಂದ ಹಳ್ಳ ಸೇರುವುದರೊಳಗೆ ಐದಾರು ಇಲಾಖೆಗಳ ಗಡಿ ದಾಟುತ್ತದೆ, ಅಷ್ಟೂ ದಾರಿಯನ್ನು ನೋಡಿಕೊಳ್ಳುವವರು ಒಬ್ಬರೂ ಇಲ್ಲ.

ಹಿಂದೆ ಇದ್ದರು. ನೀರುಗಂಟಿ ಎಂಬ ಒಬ್ಬ ಮನುಷ್ಯ ಊರಿನಲ್ಲಿದ್ದ. ಮಳೆ ಹಿಡಿದ ರಾತ್ರಿ ಗೋಣಿಚೀಲ ಹೊದ್ದು, ಹೆಗಲ ಮೇಲೆ ಸನಿಕೆ ಇಟ್ಟುಕೊಂಡು ಕಾಲುವೆಯುದ್ದಕ್ಕೂ ಓಡಾಡಿ ಕಟ್ಟಿಕೊಂಡ ಕಸ ಬಿಡಿಸುತ್ತಿದ್ದ. ಕೆರೆಯೊಳಕ್ಕೆ ಮುಳುಗಿ ತೂಬಿನ ಬಿರಡೆ ಎತ್ತುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಅವನ ಬಾಯಲ್ಲೇ ಇರುತ್ತಿತ್ತು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಪಾಲು ಹೋಗುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಹೋದವು. ಹೋದದ್ದು ನ್ಯಾಯವೇ, ಏಕೆಂದರೆ ಆ ವ್ಯವಸ್ಥೆಯೊಳಗೆ ಜಾತಿಯ ನೊಗವಿತ್ತು, ನೀರುಗಂಟಿಯ ಮಗ ನೀರುಗಂಟಿಯೇ ಆಗಬೇಕಿತ್ತು. ಆದರೆ ಹುದ್ದೆಯ ಜೊತೆಗೆ ಕೆಲಸವೂ ಹೋಯಿತು, ಅದರ ಜಾಗಕ್ಕೆ ಸಂಬಳದ ಮನುಷ್ಯನೊಬ್ಬ ಬರಲಿಲ್ಲ. 2002ರಲ್ಲಿ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ವಿಶ್ವಬ್ಯಾಂಕ್ ನೆರವಿನ ಕೆರೆ ಅಭಿವೃದ್ಧಿ ಯೋಜನೆ ಆರಂಭವಾದಾಗ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದರು. ಯೋಜನೆಯ ಹಣವಿದ್ದಷ್ಟು ದಿನ ಸಂಘಗಳೂ ಇದ್ದವು. ಹಲವು ಊರುಗಳಲ್ಲಿ ಈಗ ಉಳಿದಿರುವುದು ಏರಿಯ ಮೇಲಿನ ಬಣ್ಣ ಹೋದ ಫಲಕ ಮಾತ್ರ.

ಕೋಲಾರದ ಮಟ್ಟಿಗೆ ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರನ್ನು ದಿನಕ್ಕೆ 440 ದಶಲಕ್ಷ ಲೀಟರಿನಂತೆ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಂಡು, ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಎಲ್ಲರಿಗೂ ಗೊತ್ತು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತ ಬೇಕೆಂಬ ಬೇಡಿಕೆ ಅಂದಿನಿಂದಲೂ ಇದೆ, ಅದು ನ್ಯಾಯವಾದುದೂ ಹೌದು. ಆದರೂ ಒಣಗಿ ಬಿರಿದಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡದ್ದನ್ನು ನಾನೇ ನೋಡಿದ್ದೇನೆ; ಸಾವಿರ ಅಡಿ ಕೊರೆದೂ ಧೂಳು ಬಂದ ಅನುಭವವಿದ್ದವನಿಗೆ ಆ ನೀರನ್ನು ಬೈಯಲು ಬಾಯಿ ಬರುವುದಿಲ್ಲ. ನನ್ನ ಆತಂಕವೇ ಬೇರೆ. ಪೈಪಿನಲ್ಲಿ ಬರುವ ನೀರಿಗೆ ರಾಜಕಾಲುವೆ ಬೇಡ, ಮೇಲಿನ ಕುಂಟೆಯೂ ಬೇಡ. ಕೆರೆ ಹೇಗಿದ್ದರೂ ತುಂಬುತ್ತದೆ ಎಂದಾದ ಮೇಲೆ ಮಳೆನೀರಿನ ದಾರಿಯ ಬಗ್ಗೆ ಊರಿನವರೇ ಉದಾಸೀನರಾಗುತ್ತಿದ್ದೇವೆ. ನಾಳೆ ಬೆಂಗಳೂರು ತನ್ನ ನೀರನ್ನು ತಾನೇ ಮರುಬಳಕೆ ಮಾಡಿಕೊಳ್ಳುತ್ತೇನೆ ಎಂದರೆ, ಅಥವಾ ಪಂಪು ನಿಂತರೆ, ನಮಗೆ ಉಳಿಯುವುದು ಒತ್ತುವರಿಯಾದ ಕಾಲುವೆಗಳು.

ಪಶ್ಚಿಮಘಟ್ಟದ ಹೊಳೆಗಳ ನೀರನ್ನು ನಮ್ಮ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಮಾತೂ ಇಲ್ಲಿ ಬಂದೇ ಬರುತ್ತದೆ. 2012ರಲ್ಲಿ ಸುಮಾರು 8,300 ಕೋಟಿ ರೂಪಾಯಿಗೆ ಆರಂಭವಾದ ಲೆಕ್ಕ 23,000 ಕೋಟಿಯನ್ನು ದಾಟಿದೆ. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಬಳಿ ಮೊದಲ ಹಂತದ ಪಂಪುಗಳು ಚಾಲನೆಗೊಂಡವು. ಹರಿವಿನ ದಾರಿಯ ತೀರಾ ಕೊನೆಯಲ್ಲಿರುವ ಕೋಲಾರಕ್ಕೆ ಆ ನೀರು ಮುಟ್ಟುವ ದಿನವನ್ನು ನಾವು ಕಾಯುತ್ತಲೇ ಇದ್ದೇವೆ. ಇನ್ನು ಪಾಲಾರ್ ನದಿಗೆ ಹೊಸ ಜಲಾಶಯ ಕಟ್ಟೋಣವೆಂದರೆ ಮೈಸೂರು-ಮದ್ರಾಸ್ ನಡುವಿನ 1892ರ ನದಿನೀರಿನ ಒಪ್ಪಂದದ ಪಟ್ಟಿಯಲ್ಲಿ ಅದರ ಹೆಸರೂ ಇದೆ, ನದಿಯ ಕೆಳಗಿನ ರಾಜ್ಯದವರ ಒಪ್ಪಿಗೆಯಿಲ್ಲದೆ ಆಗದು. ಹೀಗಾಗಿ ಯಾರ ಅನುಮತಿಯನ್ನೂ ಕೇಳದೆ, ಯಾವ ಘಟ್ಟವನ್ನೂ ಕೊರೆಯದೆ ನಾವು ಹಿಡಿದಿಟ್ಟುಕೊಳ್ಳಬಹುದಾದ ನೀರೆಂದರೆ ನಮ್ಮ ತಲೆಯ ಮೇಲೆ ಬೀಳುವ ಮಳೆ, ಅದನ್ನು ಹಿಡಿಯುವ ಪಾತ್ರೆಗಳೆಂದರೆ ಪೂರ್ವಜರು ಕಟ್ಟಿಹೋದ ಈ ಕೆರೆ-ಕುಂಟೆಗಳು. ದೀರ್ಘಕಾಲೀನ ಯೋಜನೆ ಎಂಬ ಪದವನ್ನು ಪ್ರತಿ ಬಜೆಟ್ಟಿನಲ್ಲೂ ಕೇಳುತ್ತೇವೆ. ಈ ಜಿಲ್ಲೆಯಲ್ಲಿ ಕೆರೆ ಕಟ್ಟಿಸಿದವನಿಗೆ, ರಿಪೇರಿ ಮಾಡಿಸಿದವನಿಗೆ ದಶವಂದ, ಕಟ್ಟುಕೊಡಿಗೆ ಎಂದು ಅದೇ ಕೆರೆಯ ಕೆಳಗಿನ ಗದ್ದೆಯನ್ನು ಬಿಟ್ಟುಕೊಟ್ಟ ಶಾಸನಗಳಿವೆ. ಕೆರೆ ಉಳಿದರಷ್ಟೇ ಅವನ ಗದ್ದೆಗೆ ನೀರು. ಗುತ್ತಿಗೆದಾರರ ಈ ಕಾಲದಲ್ಲಿ ಆ ಜಾಣತನವನ್ನು ನೆನೆದರೆ ನಗುವೂ ಬರುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ.

ಸರ್ಕಾರದ ಮುಂದೆ ನಾನು ಇಡುವ ಮನವಿ ದೊಡ್ಡ ಮೊತ್ತದ್ದೇನಲ್ಲ. ಮೀಸಲು ಅಂಚನ್ನು ವಿಸ್ತೀರ್ಣದಿಂದಲ್ಲ, ಸರಪಳಿಯಲ್ಲಿ ಆ ಕೆರೆಯ ಸ್ಥಾನದಿಂದ ನಿರ್ಧರಿಸಲಿ. ಏರಿಯ ಹಿಂಬದಿಯಲ್ಲಿ ಬೇಕಾದರೆ ಅಂಚು ಕಡಿಮೆಯಾಗಲಿ, ಅದರಿಂದ ನಷ್ಟ ಕಡಿಮೆ. ನೀರು ಬರುವ ಬದಿಯಲ್ಲಿ ಮಾತ್ರ ಒಂದು ಮೀಟರನ್ನೂ ಬಿಡಬಾರದು, ಏಕೆಂದರೆ ಅಲ್ಲಿ ನೀರು ಕಾಲುವೆಯಲ್ಲಷ್ಟೇ ಅಲ್ಲ, ಇಳಿಜಾರಿನ ಅಗಲಕ್ಕೂ ಹಾಳೆಯಂತೆ ಹರಿದು ಬರುತ್ತದೆ. ನಗರದ ಬಡವನ ನಾಲ್ಕು ಗುಂಟೆಯ ಪ್ರಶ್ನೆಗೆ ಅಲ್ಲಿಗೇ ಹೊಂದುವ ಪರಿಹಾರ ಹುಡುಕಬಹುದು, ಅದಕ್ಕಾಗಿ ಇಡೀ ರಾಜ್ಯದ ಕುಂಟೆಗಳ ಕಾವಲನ್ನು ಸಡಿಲಿಸಬೇಕಾಗಿಲ್ಲ. ಕೇಂದ್ರದ ಅಮೃತ ಸರೋವರದಂಥ ಕೆರೆ ಅಭಿವೃದ್ಧಿ ಕಾರ್ಯಕ್ರಮಕ್ಕೂ ಕನಿಷ್ಠ ಒಂದು ಎಕರೆ ಬೇಕೆಂಬ ನಿಯಮವಿದೆ. ಅಲ್ಲಿ ಹಣವೂ ಸಿಗದೆ, ಇಲ್ಲಿ ರಕ್ಷಣೆಯೂ ಸಿಗದೆ ಒಂದು ಎಕರೆಯೊಳಗಿನ ಕುಂಟೆಗಳು ಎರಡೂ ಕಡೆಯಿಂದ ಹೊರಗುಳಿಯುತ್ತವೆ.

ಎರಡನೆಯದಾಗಿ, ರಾಜಕಾಲುವೆಗಳ ಅಳತೆ ಕೆರೆಗಳ ಅಳತೆಗಿಂತ ಮೊದಲು ನಡೆಯಲಿ. ಕೆರೆಯಂಗಳ ಎಲ್ಲರ ಕಣ್ಣಿಗೂ ಬೀಳುತ್ತದೆ, ಒತ್ತುವರಿ ಮಾಡಿದರೆ ಯಾರಾದರೂ ಕೇಳುತ್ತಾರೆ. ಕಾಲುವೆ ಹಾಗಲ್ಲ, ಒಂದು ವರ್ಷ ಬದು ಸರಿಸಿದರೆ, ಇನ್ನೊಂದು ವರ್ಷ ಉತ್ತರೆ, ಮೂರನೆಯ ವರ್ಷಕ್ಕೆ ಅಲ್ಲಿ ಕಾಲುವೆ ಇತ್ತೆಂಬುದಕ್ಕೆ ಮುದುಕರ ಮಾತೇ ಸಾಕ್ಷಿ. ಆ ಮುದುಕರು ಇರುವಾಗಲೇ ಅವರನ್ನು ಜೊತೆಗೆ ಕರೆದುಕೊಂಡು ಅಳತೆ ಮಾಡಿ, ಕಲ್ಲು ನೆಟ್ಟು, ನಕ್ಷೆಯನ್ನು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಹಾಕಬೇಕು. ಮೂರನೆಯದು, ಪಂಚಾಯತಿಗೊಬ್ಬ ನೀರುಗಂಟಿ. ಕುಡಿಯುವ ನೀರು ಬಿಡಲು ಪಂಚಾಯತಿಗಳಲ್ಲಿ ವಾಟರ್‌ಮನ್ ಇರುವಾಗ, ಆ ನೀರು ಎಲ್ಲಿಂದ ಬರಬೇಕೋ ಅಲ್ಲಿನ ಕಾಲುವೆ ನೋಡಲು ಒಬ್ಬ ಬೇಡವೇ? ಹೆಣ್ಣಾಗಲಿ ಗಂಡಾಗಲಿ, ಯಾವ ಜಾತಿಯವರೇ ಆಗಲಿ, ಸಂಬಳ ಕೊಟ್ಟು, ಕೆರೆಗಳ ಸರಪಳಿಯೊಂದನ್ನು ಅವರ ಜವಾಬ್ದಾರಿಗೆ ಒಪ್ಪಿಸಿದರೆ, ಹೂಳೆತ್ತುವ ಒಂದು ಟೆಂಡರಿನ ಹಣದಲ್ಲಿ ಎಷ್ಟೋ ವರ್ಷ ಕೆಲಸ ನಡೆದೀತು. ಕೆ.ಸಿ. ವ್ಯಾಲಿ ನೀರು ಬರುವ ಕೆರೆಗಳಲ್ಲಿ ನೀರಿನ ಪರೀಕ್ಷೆಯ ಫಲಿತಾಂಶವನ್ನು ತಿಂಗಳಿಗೊಮ್ಮೆ ಊರಿನವರಿಗೆ ಓದಿ ಹೇಳುವ ಕೆಲಸವೂ ಅವರದೇ ಆಗಲಿ.

ತಿದ್ದುಪಡಿಯ ಬಗ್ಗೆ ಸಣ್ಣ ನೀರಾವರಿ ಸಚಿವರು, ಅಧಿಕಾರಿಗಳು ಮುಂದೆ ಏನೇ ತೀರ್ಮಾನಿಸುವುದಿದ್ದರೂ ಅದಕ್ಕೆ ಮೊದಲು ಮುಂಗಾರಿನ ಒಂದು ದಿನ, ಮಳೆ ನಿಂತ ಅರ್ಧ ಗಂಟೆಯೊಳಗೆ, ಇಂಥ ಯಾವುದಾದರೂ ಒಂದು ಕುಂಟೆಯ ಬಳಿ ಬಂದು ನಿಲ್ಲಬೇಕೆಂದು ಕೋರುತ್ತೇನೆ. ಮೊನ್ನೆ ನಾನು ನಮ್ಮ ಕುಂಟೆಯ ನೀರು ಬರುವ ಬದಿಯಲ್ಲಿ ಮೂರು ಮೀಟರನ್ನು ಅಳೆದು ನೋಡಿದೆ. ನನ್ನ ಕಾಲಿಗೆ ನಾಲ್ಕು ಹೆಜ್ಜೆ ಆಯಿತು. ಹಿಂದಿನ ವಾರದ ಮಳೆಗೆ ಮೇಲಿನಿಂದ ಬಂದು ನಿಂತ ಕೆಮ್ಮಣ್ಣಿನ ಗುರುತು ಅಲ್ಲಿಂದ ಇನ್ನೂ ಇಪ್ಪತ್ತು ಹೆಜ್ಜೆ ಆಚೆಗಿತ್ತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರೈತ, ಕೋಲಾರ ತಾಲ್ಲೂಕು