ಆಯಿಲ್ ಪ್ರೆಶರ್ ಸರಿಹೋಯಿತು, 40 ಗಂಟೆ ಮುಗಿಯಿತು: ಎಲ್ಲರಿಗೂ ಥ್ಯಾಂಕ್ಸ್

ಕಳೆದ ಶನಿವಾರ ನಮ್ಮ ವಿಮಾನದ ಲಾಗ್‌ಬುಕ್‌ನಲ್ಲಿ, ಮೊದಲ ಹಂತದ ಪರೀಕ್ಷಾ ಹಾರಾಟ ಮುಗಿಯಿತು ಅಂತ ಬರೆದು ಸಹಿ ಹಾಕಿದೆ. ಇಲ್ಲಿ ಅಮೆರಿಕದಲ್ಲಿ ಸ್ವಂತ ಕೈಯಲ್ಲಿ ಕಟ್ಟಿದ ವಿಮಾನಕ್ಕೆ ಈ ಹಂತ ತಪ್ಪಿದ್ದಲ್ಲ. ವಿಮಾನಕ್ಕೆಂದೇ ಸರ್ಟಿಫಿಕೇಟ್ ಪಡೆದ ಎಂಜಿನ್, ಪ್ರೊಪೆಲರ್ ಜೋಡಿ ಹಾಕಿದ್ದರೆ ಸಾಮಾನ್ಯವಾಗಿ 25 ಗಂಟೆ ಹಾರಿಸಿದರೆ ಆಯಿತು. ನಮ್ಮದು ಕಾರಿನ ಎಂಜಿನ್, ಅದಕ್ಕೇ 40 ಗಂಟೆ. ಅಷ್ಟು ಮುಗಿಯುವವರೆಗೂ ಸುಮ್ನೆ ಒಂದು ರೌಂಡ್ ಹೋಗಿ ಬರೋಣ ಬನ್ನಿ ಅಂತ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ.

ಅದರ ನಡುವೆ ಆಯಿಲ್ ಪ್ರೆಶರ್ ಕೈಕೊಟ್ಟಿತು. ಬೇಸಿಗೆಯಲ್ಲಿ ನಿಂತ ವಿಮಾನ ಮತ್ತೆ ಹಾರಿದ್ದು ಚಳಿ ಬಿದ್ದ ಮೇಲೆ. ಆ ದಿನಗಳಲ್ಲಿ ಕನ್ನಡ ಕೂಟದಲ್ಲಿ ಸಿಕ್ಕವರೆಲ್ಲ "ಏನ್ರೀ, ವಿಮಾನ ಎಲ್ಲಿಗೆ ಬಂತು?" ಅಂತ ಕೇಳುತ್ತಿದ್ದಿರಿ. ನಾನು ಹಾರಿಕೆಯ ಉತ್ತರ ಕೊಟ್ಟು ಊಟದ ಸಾಲಿಗೆ ನುಸುಳುತ್ತಿದ್ದೆ. ಈಗ ನೆಟ್ಟಗೆ ಉತ್ತರ ಹೇಳಬಹುದು. ಯಾರ್ಯಾರಿಗೆ ಯಾಕೆ ಥ್ಯಾಂಕ್ಸ್ ಹೇಳಬೇಕು ಅನ್ನುವುದನ್ನೂ ಹೇಳಬೇಕು.

ಮೊದಲು ಯಂತ್ರದ ಪರಿಚಯ, ಗೊತ್ತಿಲ್ಲದವರಿಗೆ. ವಿಮಾನ ಆರ್‌ವಿ-6ಎ. ಒರೆಗಾನ್ ರಾಜ್ಯದ ಅರೋರಾ ಊರಿನ ವ್ಯಾನ್ಸ್ ಏರ್‌ಕ್ರಾಫ್ಟ್‌ನವರ ಕಿಟ್. ಅಲ್ಯುಮಿನಿಯಂ ಮೈ, ಅಕ್ಕಪಕ್ಕ ಎರಡು ಸೀಟು, ಮುಂದೆ ಒಂದು ಚಕ್ರ. ಇನ್ನೊಬ್ಬರು ಅರ್ಧ ಕಟ್ಟಿ ಬಿಟ್ಟಿದ್ದನ್ನು ಎಂಜಿನ್ ಸಮೇತ ಕೊಂಡು ಮುಗಿಸಿದ್ದು. ಎಂಜಿನ್ ಮಾಜ್ದಾ 13ಬಿ, ರೋಟರಿ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಕಡಲೆಕಾಯಿ ಆಕಾರದ ಗೂಡಿನೊಳಗೆ ಮೂರು ಮೂಲೆಯ ರೋಟರ್ ತಿರುಗುತ್ತದೆ. ಎರಡು ರೋಟರ್, ತಲಾ 654 ಸಿಸಿ. ಫೆಲಿಕ್ಸ್ ವಾಂಕೆಲ್ ಎಂಬ ಜರ್ಮನ್ನನ ಕಲ್ಪನೆ ಇದು. ಹಟ ಹಿಡಿದು ಕಾರಿನಲ್ಲಿ ಉಳಿಸಿಕೊಂಡಿದ್ದು ಜಪಾನಿನ ಮಾಜ್ದಾ: 1967ರಲ್ಲಿ ಕಾಸ್ಮೊ ಸ್ಪೋರ್ಟ್, 1978ರಲ್ಲಿ ಆರ್‌ಎಕ್ಸ್-7. 1991ರಲ್ಲಿ ಲ ಮಾನ್‌ನ 24 ಗಂಟೆಯ ರೇಸ್ ಗೆದ್ದ 787ಬಿ ಕೂಡ ರೋಟರಿಯೇ.

ಈ ಎಂಜಿನ್‌ನಲ್ಲಿ ಆಯಿಲ್‌ಗೆ ಎರಡು ಕೆಲಸ. ಬೇರಿಂಗ್‌ಗೆ ಜಾರಿಕೆ ಕೊಡುವುದು ಒಂದು, ಅದು ಎಲ್ಲ ಎಂಜಿನ್‌ನಲ್ಲೂ ಇದ್ದದ್ದೇ. ಇನ್ನೊಂದು, ರೋಟರ್‌ಗಳನ್ನು ತಂಪು ಮಾಡುವುದು. ರೋಟರ್ ಒಳಗೆ ಟೊಳ್ಳು. ನಡುವಿನ ಶಾಫ್ಟ್‌ನ ಜೆಟ್‌ಗಳಿಂದ ಆಯಿಲ್ ಅದರೊಳಕ್ಕೆ ಚಿಮ್ಮಿ ಬಿಸಿ ಹೊತ್ತು ತರುತ್ತದೆ. ತಂಪು ಮಾಡುವ ಕೆಲಸದಲ್ಲಿ ಸುಮಾರು ಮೂರನೇ ಒಂದು ಪಾಲು ಆಯಿಲ್‌ನದ್ದೇ. ಅಂದರೆ ಪ್ರೆಶರ್ ಬಿತ್ತು ಅಂದರೆ ಬೇರಿಂಗ್ ಜೊತೆ ರೋಟರ್ ಕೂಡ ಅಪಾಯದಲ್ಲಿ.

ನಮ್ಮದು ಕೈಕೊಟ್ಟ ಬಗೆ ಹೀಗೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಪ್ರೆಶರ್ 70 ಪಿಎಸ್ಐ (ಒತ್ತಡದ ಅಳತೆ) ದಾಟಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಟೆಕ್ಸಾಸ್ ಬಿಸಿಲಲ್ಲಿ ಮೇಲೇರಿ ಆಯಿಲ್ 90 ಡಿಗ್ರಿ ದಾಟಿತೋ, ಮುಳ್ಳು ನಿಧಾನಕ್ಕೆ ಇಳಿಯೋದು. ಎಷ್ಟು ಥ್ರಾಟಲ್ ಕೊಟ್ಟರೂ 50ರ ಮೇಲೆ ಹತ್ತುತ್ತಿರಲಿಲ್ಲ. ಇಳಿದು ಹ್ಯಾಂಗರ್ ಕಡೆ ತಿರುಗುವಾಗ ಐಡಲ್‌ನಲ್ಲಿ ಎಚ್ಚರಿಕೆಯ ದೀಪ ಹತ್ತಿಕೊಳ್ಳುತ್ತಿತ್ತು.

ಮೊದಲ ಥ್ಯಾಂಕ್ಸ್ ಪಕ್ಕದ ಹ್ಯಾಂಗರ್‌ನ ಹಿರಿಯರಿಗೆ. ಏರ್‌ಲೈನ್ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ನಾನು ಮನಸ್ಸಲ್ಲೇ ಅಜ್ಜ ಅನ್ನುತ್ತೇನೆ, ಅವರಿಗದು ಗೊತ್ತಿಲ್ಲ. ದೀಪದ ವಿಷಯ ಕೇಳಿದ ತಕ್ಷಣ ಬಂದು, ವಿಮಾನದ ಚಕ್ರಕ್ಕೆ ತಾವೇ ಅಡ್ಡಗಟ್ಟೆ ಇಟ್ಟು ಹೋದರು. ಸಂಜೆ ಒಂದು ಹಳೇ ಮೆಕ್ಯಾನಿಕಲ್ ಗೇಜು, ಉದ್ದದ ಹೋಸು ತಂದುಕೊಟ್ಟರು. ಪ್ರೆಶರ್ ಅಳೆದು ಮೀಟರಿಗೆ ತಿಳಿಸುವ ಸೆಂಡರ್ ಸುಳ್ಳು ಹೇಳುತ್ತಿದೆಯಾ ಇಲ್ಲವಾ, ಮೊದಲು ಅದು ಗೊತ್ತಾಗಲಿ ಅಂತ.

ತಮಾಷೆ ಅಂದರೆ ಅದೇ ರಾತ್ರಿ ದಾವಣಗೆರೆಯಿಂದ ಮಾಮ ಫೋನಿನಲ್ಲಿ ಅದನ್ನೇ ಹೇಳಿದರು: "ಮೀಟ್ರು ನಂಬಬ್ಯಾಡಲೇ, ಮೊದ್ಲು ಬ್ಯಾರೆ ಮೀಟ್ರು ಹಾಕು." ಮಾಮ ಡೀಸೆಲ್ ಪಂಪ್ ರಿಪೇರಿ ಮಾಡುತ್ತಲೇ ತಲೆಗೂದಲು ಬೆಳ್ಳಗಾದವರು. ರೋಟರಿ ಎಂಜಿನ್ ನೋಡಿಲ್ಲ, ವಿಮಾನದ ಬಾನೆಟ್ಟಂತೂ ಎತ್ತಿಲ್ಲ. ಆದರೂ ಅವರ ಪ್ರಶ್ನೆಗಳು ಎಲ್ಲೂ ಪೋಲಾಗಲಿಲ್ಲ. ಆಯಿಲ್ ಮೂಸಿ ನೋಡಿದ್ಯಾ, ಪೆಟ್ರೋಲ್ ಸೇರಿ ತೆಳ್ಳಗಾಗಿದ್ಯಾ ಅಂದರು. ಮೂಸಿದೆ, ವಾಸನೆ ಇರಲಿಲ್ಲ. ಆದರೂ ಹೊಸ ಆಯಿಲ್ ಹಾಕಿದೆ. ಪಂಪ್ ಎಲ್ಲಾದರೂ ಗಾಳಿ ಎಳೀತಿದ್ಯಾ ಅಂದರು. ಡೀಸೆಲ್ ಪಂಪಿನವರಿಗೆ ಯಾವಾಗಲೂ ಗಾಳಿಯ ಮೇಲೇ ಅನುಮಾನ! ಹಾಗೆ ಎಳೆಯುತ್ತಿದ್ದರೆ ಮುಳ್ಳು ನಡುಗಬೇಕು. ನಮ್ಮದು ನಡುಗದೆ ಇಳಿಯುತ್ತಿತ್ತು. "ಹಂಗಾದ್ರೆ ಒಳಗೇ ಎಲ್ಲೋ ಸೋರ್ತೈತಿ ನೋಡು" ಅಂದರು. ಆ ಮಾತು ಎಷ್ಟು ನಿಜ ಅಂತ ಗೊತ್ತಾಗಲು ಎಂಜಿನ್ ಇಳಿಸಬೇಕಾಯಿತು.

ಮೆಕ್ಯಾನಿಕಲ್ ಗೇಜು ಕೂಡ ಅದೇ ಅಂಕಿ ತೋರಿಸಿತು. ಸೆಂಡರ್ ನಿರಪರಾಧಿ. ಆಮೇಲೆ ಅಜ್ಜ ಆಯಿಲ್ ಫಿಲ್ಟರ್ ಕತ್ತರಿಸುವುದನ್ನು ಕಲಿಸಿದರು. ಗರಗಸ ಹಾಕಬಾರದು, ಲೋಹದ ಪುಡಿ ಒಳಗೆ ಬಿದ್ದು ಲೆಕ್ಕ ತಪ್ಪುತ್ತದೆ. ಟಿನ್ ಓಪನರ್ ತರಹದ ಕಟರ್ ಇರುತ್ತದೆ. ಡಬ್ಬಿ ಬಿಚ್ಚಿ, ಒಳಗಿನ ಕಾಗದದ ಮಡಿಕೆಗಳನ್ನು ಕತ್ತರಿಸಿ, ವೈಸ್‌ನಲ್ಲಿ ಹಿಂಡಿ, ಟ್ರೇ ಮೇಲೆ ಉದ್ದಕ್ಕೆ ಬಿಡಿಸಿ ಲೈಟ್ ಹಿಡಿದರು. ಒಂದೊಂದು ಮಡಿಕೆಯ ತಳವನ್ನೂ ಬೆರಳಿಂದ ಸವರಿದರು. ಮ್ಯಾಗ್ನೆಟ್ ಆಡಿಸಿದರು. ಕಬ್ಬಿಣದ ಚೂರಾದರೆ ಅಂಟುತ್ತದೆ, ಬೇರಿಂಗಿನ ತಾಮ್ರದ ಬಣ್ಣದ ಪುಡಿಯಾದರೆ ಅಂಟುವುದಿಲ್ಲ, ಕಣ್ಣಲ್ಲೇ ಹುಡುಕಬೇಕು. ಎರಡೂ ಇರಲಿಲ್ಲ. ಬೇರಿಂಗ್ ಉಳಿದುಕೊಂಡಿದೆ ಅಂತ ಧೈರ್ಯ ಬಂದದ್ದು ಆವತ್ತು.

ಈಗ ಅತಿ ದೊಡ್ಡ ಥ್ಯಾಂಕ್ಸ್. ಇಎಎ ಅಂತ ಸ್ವಂತ ವಿಮಾನ ಕಟ್ಟುವವರ ಒಂದು ಸಂಘ ಇದೆ, 1953ರಲ್ಲಿ ಪಾಲ್ ಪೊಬೆರೆಜ್ನಿ ಶುರು ಮಾಡಿದ್ದು. ಪ್ರತಿ ಬೇಸಿಗೆ ಆಶ್‌ಕಾಶ್‌ನಲ್ಲಿ ದೊಡ್ಡ ವಿಮಾನ ಜಾತ್ರೆ ಮಾಡುವವರು ಅವರೇ. ಅದರಲ್ಲಿ ಟೆಕ್ನಿಕಲ್ ಕೌನ್ಸೆಲರ್ ಅಂತ ಇರುತ್ತಾರೆ. ಕಟ್ಟುತ್ತಿರುವವರ ಮನೆಗೆ, ಹ್ಯಾಂಗರ್‌ಗೆ ಬಂದು ನೋಡಿ ಸಲಹೆ ಕೊಡುತ್ತಾರೆ, ಬಿಡಿಗಾಸು ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆಯ ಕೌನ್ಸೆಲರ್ ಒಬ್ಬ ಮಹಿಳೆ. ಮಾತು ಕಡಿಮೆ.

ಆ ಹೊತ್ತಿಗೆ ನನಗೆ ನಾಲ್ಕಾರು ಜನ ಒಂದೇ ಉಪಾಯ ಹೇಳಿದ್ದರು: ರೆಗ್ಯುಲೇಟರ್ (ಪ್ರೆಶರ್ ಜಾಸ್ತಿಯಾದರೆ ತೆರೆದು ಆಯಿಲ್ ವಾಪಸ್ ಬಿಡುವ ವಾಲ್ವ್) ಸ್ಪ್ರಿಂಗ್ ಹಿಂದೆ ಒಂದು ವಾಷರ್ ಇಡು, ಪ್ರೆಶರ್ ಏರುತ್ತದೆ. ಸುಲಭ, ಅಗ್ಗ, ಒಂದು ಮಧ್ಯಾಹ್ನದ ಕೆಲಸ. ಕೌನ್ಸೆಲರ್ ಕೇಳಿದ್ದು ಒಂದೇ ಪ್ರಶ್ನೆ: "ಆ ರೆಗ್ಯುಲೇಟರ್ ತೆರೆದುಕೊಳ್ಳುವುದು ಎಷ್ಟಕ್ಕೆ?" ಸುಮಾರು 71 ಪಿಎಸ್ಐಗೆ. "ನಿನ್ನ ಪ್ರೆಶರ್ 50. ಅಂದರೆ ಅದು ಈಗಾಗಲೇ ಮುಚ್ಚಿಕೊಂಡಿರಬೇಕು. ಮುಚ್ಚಿದ ಬಾಗಿಲನ್ನು ಇನ್ನೂ ಒತ್ತಿ ಹಿಡಿದರೆ ಏನು ಬರುತ್ತದೆ?" ಅಷ್ಟೇ. ಅದು ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ಬಿಚ್ಚಿ ತೊಳೆಯಬೇಕು, ವಾಷರ್ ಇಡುವುದಲ್ಲ. ಅಲ್ವಾ? ಬಿಚ್ಚಿ ನೋಡಿದೆವು. ರೆಗ್ಯುಲೇಟರ್ ಒಳಗಿನ ಪುಟ್ಟ ಪಿಸ್ಟನ್ ಸರಾಗವಾಗಿ ಓಡಾಡುತ್ತಿತ್ತು. ಆಯಿಲ್ ದಾರಿಯ ನಕ್ಷೆಯನ್ನು ಹಾಳೆಯ ಮೇಲೆ ಬರೆದು, ಪರೀಕ್ಷೆ ಆದ ಜಾಗಕ್ಕೆಲ್ಲ ಗೀಟು ಹಾಕುತ್ತಾ ಹೋಗು ಅಂದರು ಕೌನ್ಸೆಲರ್. ವಾಷರ್ ಇಟ್ಟಿದ್ದರೆ ತಣ್ಣಗಿರುವಾಗ ಅಂಕಿ ಏರಿ ಕಂಡು, ನಾನು ಖುಷಿಯಿಂದ ಹಾರಿಬಿಡುತ್ತಿದ್ದೆ. ಬೇಡ ಅಂದವರಿಗೆ ನಾನು ಜಾಸ್ತಿ ಋಣಿ.

ಚೇಂಬರ್, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಇಳಿಸಿದಾಗ ಸುಳಿವು ಸಿಕ್ಕಿತು. ಆಯಿಲ್ ಎಳೆದುಕೊಳ್ಳುವ ಪೈಪಿನ ಜಾಲರಿಯಲ್ಲಿ ಒಂದು ಕಪ್ಪು ರಬ್ಬರ್ ಚೂರು, ಅಕ್ಕಿಕಾಳಿನಷ್ಟು ಉದ್ದ. ಒಂದು ಕಡೆ ಗುಂಡಗೆ, ಇನ್ನೊಂದು ಕಡೆ ಹರಿದದ್ದು. ಮೊದಲು ಕಂಡದ್ದು ಅಜ್ಜನಿಗೆ. ಚಿಮಟದಲ್ಲಿ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟು "ಓ-ರಿಂಗ್" ಅಂದರು. ಸೋರದಂತೆ ಸಂದಿಗೆ ಕೂರಿಸುವ ರಬ್ಬರ್ ಬಳೆ.

13ಬಿ ಎಂಜಿನ್‌ನ ಪಂಪ್ ಮುಂದಿನ ಕವರ್ ಹಿಂದೆ ಇರುತ್ತದೆ, ಶಾಫ್ಟ್‌ನಿಂದ ಚೈನ್ ಮೂಲಕ ತಿರುಗುತ್ತದೆ. ಪಂಪಿನಿಂದ ಬಂದ ಆಯಿಲ್ ಕವರ್ ಮತ್ತು ಎಂಜಿನ್ನಿನ ನಡುವೆ ದಾಟುವ ಜಾಗದಲ್ಲಿ ಒಂದೇ ಒಂದು ಓ-ರಿಂಗ್ ಕಾವಲು. ಬಿಸಿಗೆ ಅದು ಚಪ್ಪಟೆಯಾಗಿ ಹರಿದರೆ ಆಯಿಲ್ ಹೊರಗೆ ಒಂದು ಹನಿಯೂ ಕಾಣದೆ ವಾಪಸ್ ಚೇಂಬರ್‌ಗೆ ಬೀಳುತ್ತದೆ. ಮಾಮ ಹೇಳಿದ ಒಳಸೋರಿಕೆ ಇದೇ. ತಣ್ಣಗಿನ ಆಯಿಲ್ ಮಂದ, ಆ ಸಂದಿನಲ್ಲಿ ಜಾಸ್ತಿ ನುಗ್ಗುವುದಿಲ್ಲ. ಬಿಸಿಯಾಗಿ ತೆಳ್ಳಗಾದ ಮೇಲೆ ತಡೆಯುವವರಿಲ್ಲ. ರೋಟರಿ ಬಿಚ್ಚಿ ಕಟ್ಟುವವರಿಗೆ ಇದು ಹಳೇ ಕಥೆ, ಆರ್‌ಎಕ್ಸ್-7 ಕಾರುಗಳಲ್ಲೂ ಕಂಡದ್ದೇ.

ಕಾರಿನಲ್ಲಾದರೆ ಮುಂದಿನ ಕವರ್ ಮುಂದೇ ಇರುತ್ತದೆ. ನಮ್ಮ ವಿಮಾನದಲ್ಲಿ ಎಂಜಿನ್ ಹಿಂಬದಿಯ ಫ್ಲೈವೀಲ್ ಕಡೆಗೆ ಗೇರ್‌ಬಾಕ್ಸ್, ಅದಕ್ಕೆ ಪ್ರೊಪೆಲರ್. ಹಾಗಾಗಿ ಎಂಜಿನ್‌ನ ಹಿಂಭಾಗ ಮುಂದಕ್ಕೆ, ಮುಂಭಾಗ ಫೈರ್‌ವಾಲ್ (ಎಂಜಿನ್‌ಗೂ ಸೀಟುಗಳಿಗೂ ನಡುವಿನ ಗೋಡೆ) ಕಡೆಗೆ. ಕೈ ಹೋಗುವಷ್ಟೂ ಜಾಗ ಇಲ್ಲ. ಎಂಜಿನ್ ಇಳಿಸಲೇಬೇಕು.

ಇಳಿಸಲು ಬಂದ ಕನ್ನಡ ಕೂಟದ ಗೆಳೆಯರೇ, ನಿಮ್ಮ ಸೊಂಟಗಳಿಗೆ ನನ್ನ ನಮಸ್ಕಾರ. ನಿಮ್ಮಲ್ಲಿ ಒಬ್ಬರೂ ಪಾನಾ ಹಿಡಿದವರಲ್ಲ, ಎಲ್ಲ ಸಾಫ್ಟ್‌ವೇರ್. ಆದರೆ ಪ್ರತಿ ಪೈಪಿಗೂ ವೈರಿಗೂ ನಂಬರ್ ಚೀಟಿ ಅಂಟಿಸಿ, ಫೋಟೊ ತೆಗೆದು, ಪಟ್ಟಿ ಮಾಡಿದ್ದು ನೀವು. ವಾಪಸ್ ಜೋಡಿಸುವಾಗ ಒಂದು ವೈರೂ ಅನಾಥವಾಗಲಿಲ್ಲ. ಪುಳಿಯೋಗರೆ ತಂದವರಿಗೆ ಪ್ರತ್ಯೇಕ ಥ್ಯಾಂಕ್ಸ್.

ಊರಿನ ರೇಸಿಂಗ್ ಗ್ಯಾರೇಜಿನ ಯಜಮಾನರನ್ನು ಮರೆಯುವಂತಿಲ್ಲ. ಶಾಫ್ಟ್‌ನ ಮುಂದಿನ ಬೋಲ್ಟ್ ಬಿಚ್ಚುವ ಮೊದಲು ಎಂಜಿನ್ ಅನ್ನು ಫ್ಲೈವೀಲ್ ಮೇಲೆ ನಿಲ್ಲಿಸು, ಮುಂಭಾಗ ಮೇಲಕ್ಕಿರಲಿ ಅಂದರು. ಮಲಗಿಸಿ ಬಿಚ್ಚಿದರೆ ಒಳಗಿನ ಸೂಜಿ ಬೇರಿಂಗ್ ಜಾರಿ, ಮತ್ತೆ ಬಿಗಿಯುವಾಗ ಜಜ್ಜಿಹೋಗುತ್ತದಂತೆ. ತಮ್ಮ ಡಯಲ್ ಗೇಜನ್ನೂ ಕೊಟ್ಟರು. ಎಲ್ಲ ಬಿಗಿದ ಮೇಲೆ ಶಾಫ್ಟ್ ಹಿಂದೆ ಮುಂದೆ ಆಡುವ ಅಂತರ 0.04ರಿಂದ 0.07 ಮಿಲಿಮೀಟರ್ ಒಳಗಿರಬೇಕು. ನಮ್ಮದು 0.05. ಹಣ ಕೇಳಿದರೆ ಕೈಯಾಡಿಸಿಬಿಟ್ಟರು.

ಕವರ್ ತೆಗೆದಾಗ ಓ-ರಿಂಗ್ ಕೂರುವ ತೋಡಿನಲ್ಲಿ ರಿಂಗಿನ ಮುಕ್ಕಾಲು ಭಾಗ ಮಾತ್ರ ಉಳಿದಿತ್ತು. ಪಕ್ಕದ ಪ್ಯಾಕಿಂಗ್ ಅಂಚು ಆಯಿಲ್ ಹೊಡೆತಕ್ಕೆ ಸವೆದು ಒಳಕ್ಕೆ ಸರಿದಿತ್ತು. ಹೊಸ ಪ್ಯಾಕಿಂಗ್, ಬಿಸಿ ತಡೆಯುವ ವಿಟಾನ್ ಓ-ರಿಂಗ್, ಅದಕ್ಕೆ ಒತ್ತಾಸೆಯಾಗಿ ಟೆಫ್ಲಾನ್ ರಿಂಗ್ ಹಾಕಿದೆವು. ಇಷ್ಟೂ ರಾದ್ಧಾಂತಕ್ಕೆ ಕಾರಣವಾದ ರಿಂಗಿನ ಬೆಲೆ ಒಂದು ಕಾಫಿಗಿಂತ ಕಡಿಮೆ.

ಇಗ್ನಿಷನ್, ಪೆಟ್ರೋಲ್ ಬಂದ್ ಮಾಡಿ ಸ್ಟಾರ್ಟರ್‌ನಲ್ಲೇ ತಿರುಗಿಸಿದೆವು. ಮುಳ್ಳು ಎದ್ದ ಮೇಲೇ ಎಂಜಿನ್ ಶುರು. ಈಗ ಆಯಿಲ್ ಪೂರ್ತಿ ಬಿಸಿಯಾದ ಮೇಲೂ ಹಾರುವಾಗ 70, ಐಡಲ್‌ನಲ್ಲಿ 30ರ ಆಸುಪಾಸು. ಮುಳ್ಳಿಗೆ ನಾಚಿಕೆ ಬಿಟ್ಟುಹೋಗಿದೆ.

ಇನ್ನೂ ಒಬ್ಬರಿಗೆ ಥ್ಯಾಂಕ್ಸ್ ಹೇಳಬೇಕು, ನಾನು ಅವರನ್ನು ಕಂಡಿಲ್ಲ. ಟ್ರೇಸಿ ಕ್ರುಕ್, ಆರ್‌ವಿ-4ರಲ್ಲಿ 13ಬಿ ಕೂರಿಸಿ ವರ್ಷಗಟ್ಟಲೆ ಹಾರಿಸಿದವರು. ಅದಕ್ಕೆ ಬೇಕಾದ ಗೇರ್‌ಬಾಕ್ಸ್, ಎಂಜಿನ್ ಕಂಟ್ರೋಲರ್ ತಾವೇ ಮಾಡಿ, ಕಲಿತದ್ದನ್ನೆಲ್ಲ ಬಚ್ಚಿಡದೆ ಹಂಚಿಕೊಂಡರು. ಅಂಥವರು ಮೊದಲು ಹಾರಿಸದಿದ್ದರೆ ನಾನು ಈ ಎಂಜಿನ್ ಮುಟ್ಟುತ್ತಲೇ ಇರಲಿಲ್ಲ.

ಮನೆಯವರ ವಿಷಯ ಇಲ್ಲಿ ಬರೆದರೆ ಅವರಿಗೆ ಇಷ್ಟ ಆಗುವುದಿಲ್ಲ. ಊಟದ ಮೇಜಿನ ಮೇಲೆ ಪಂಪ್ ಬಿಚ್ಚಿ ಹರಡಿದಾಗಲೂ ಸುಮ್ಮನಿದ್ದರು, ಅಷ್ಟು ಹೇಳಿ ಬಿಡುತ್ತೇನೆ.

ಪಕ್ಕದ ಸೀಟಿನ ಮೊದಲ ಹಕ್ಕು ಅವರದೇ. ಎರಡನೆಯದು ಅಜ್ಜನದು. ಆದರೆ ಅವರು ಇನ್ನೊಂದು ಫಿಲ್ಟರ್ ಕತ್ತರಿಸಿ ನೋಡಿದ ಮೇಲೇ ಹತ್ತುವುದು ಅಂದಿದ್ದಾರೆ. ಮಾಮನಿಗೆ ವೀಸಾ ಆಗಬೇಕು. ಉಳಿದವರು ಹೆಸರು ಕಳಿಸಿ. ಜೊತೆಗೆ ನಿಜವಾದ ತೂಕ ಬರೆಯಿರಿ, ಬ್ಯಾಲೆನ್ಸ್ ಲೆಕ್ಕಕ್ಕೆ ಬೇಕು. ಮದುವೆ ಸಮಯದ ತೂಕ ನಡೆಯುವುದಿಲ್ಲ.