ಆ ಗಿಡಗಳು ಬೇರೆ ಲೋಕದವಲ್ಲ

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ವಾಯ್ನಿಚ್ ಹಸ್ತಪ್ರತಿ ಎಂಬ, ಗಿಡಗಳ ಚಿತ್ರ ತುಂಬಿದ ಯುರೋಪಿನ ಹಳೆಯ ಕೈಬರಹದ ಪುಸ್ತಕದ ಬಗ್ಗೆ ಬಂದ ಬರಹ ಓದಿದೆ. ಯಾರಿಗೂ ಓದಲಾಗದ ಲಿಪಿ, ಅದನ್ನು ಬಿಡಿಸಿದೆವು ಎಂದವರು, ಆಮೇಲೆ ಅವರ ವಾದ ಬಿದ್ದುಹೋದದ್ದು, ಇಷ್ಟಕ್ಕೇ ಮುಕ್ಕಾಲು ಪುಟ ಹೋಗಿದೆ. ಚಿತ್ರಗಳ ಪಾಲಿಗೆ ಬಂದಿರುವುದು ‘ಈ ಭೂಮಿಯ ಮೇಲೆಲ್ಲೂ ಇಲ್ಲದ ಗಿಡಗಳು’ ಎಂಬ ಒಂದು ಸಾಲು. ಆ ಸಾಲನ್ನು ಸುಮ್ಮನೆ ಬಿಡಲು ನನಗೆ ಮನಸ್ಸು ಬರಲಿಲ್ಲ.

ಗಿಡಗಳ ಚಿತ್ರ ಬರೆಯುವುದೇ ನನ್ನ ಕಸುಬು. ಸಸ್ಯಶಾಸ್ತ್ರದವರು ಘಟ್ಟದಿಂದ ತಂದ ಮಾದರಿಯನ್ನು ಮೇಜಿನ ಮೇಲಿಟ್ಟುಕೊಂಡು, ಎಲೆಯ ನರ, ಹೂವಿನ ಕೇಸರ, ಅಡ್ಡಕ್ಕೆ ಕೊಯ್ದ ಕಾಯಿ, ಎಲ್ಲವನ್ನೂ ಕಪ್ಪು ಶಾಯಿಯಲ್ಲಿ ತೆಗೆದುಕೊಡುತ್ತೇನೆ. ಈ ಹಸ್ತಪ್ರತಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿದೆ. ಅದರ ಪುಟಗಳನ್ನೆಲ್ಲ ಅವರು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ನೋಡಲಿ ಎಂದು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಕೆಲಸ ಮುಗಿದ ಸಂಜೆಗಳಲ್ಲಿ ನಾನು ಅವುಗಳನ್ನು ದೊಡ್ಡದು ಮಾಡಿಕೊಂಡು ನೋಡುತ್ತಿರುತ್ತೇನೆ. ಲಿಪಿ ನನಗೂ ಅರ್ಥವಾಗುವುದಿಲ್ಲ. ಆದರೆ ಗೆರೆ ಎಳೆದ ಕೈ ಯಾವ ಹಾದಿಯಲ್ಲಿ ಹೋಗಿದೆ ಎಂಬುದು ಕಾಣುತ್ತದೆ.

ಮೊದಲು ಎದ್ದು ಕಾಣುವುದು, ಅಕ್ಷರದ ಸಾಲುಗಳು ಎಲೆಯ ಅಂಚಿಗೆ ಬಂದು ನಿಂತು, ಕಾಂಡವನ್ನು ದಾಟಿ, ಆಚೆ ಬದಿಯಲ್ಲಿ ಮುಂದುವರಿಯುವುದು. ಅಂದರೆ ಮೊದಲು ಗಿಡ ಬರೆದಿದ್ದಾರೆ, ಉಳಿದ ಜಾಗದಲ್ಲಿ ಅಕ್ಷರ ತುಂಬಿದ್ದಾರೆ. ಈ ಪುಸ್ತಕದಲ್ಲಿ ಚಿತ್ರ ಬರಹಕ್ಕೆ ಹಚ್ಚಿದ ಅಲಂಕಾರವಾಗಿರಲಿಲ್ಲ, ಅದಕ್ಕೇ ಮೊದಲ ಮಣೆ. ಬಣ್ಣದ ಕಥೆ ಬೇರೆ. ಗೆರೆಯಲ್ಲಿ ಒಂದು ನಿಗಾ ಇದೆ, ಬಣ್ಣದಲ್ಲಿ ಇಲ್ಲ. ಹಸಿರು ಎಲೆಯ ಅಂಚು ಮೀರಿ ಹರಿದಿದೆ, ನೀಲಿ ಕೆಲವು ಕಡೆ ಒಣಗುವ ಮೊದಲೇ ಎದುರು ಪುಟಕ್ಕೆ ಅಂಟಿಕೊಂಡಿದೆ. ಬಣ್ಣ ಹಚ್ಚಿದವರು ಬೇರೆಯವರು, ಬಹುಶಃ ಎಷ್ಟೋ ಕಾಲ ಕಳೆದ ಮೇಲೆ ಹಚ್ಚಿದ್ದು ಎಂದು ಹಲವು ತಜ್ಞರು ಹೇಳುತ್ತಾರೆ. ನನ್ನ ಕಣ್ಣಿಗೂ ಅದು ಸರಿಯೆನಿಸುತ್ತದೆ. ಅಷ್ಟು ಜತನದಿಂದ ಗೆರೆ ಎಳೆದವರು ಅದನ್ನು ಹೀಗೆ ಬಣ್ಣದಡಿ ಮುಚ್ಚಿಹಾಕುವುದಿಲ್ಲ. ಸಾಮಗ್ರಿಯಲ್ಲಿ ವಿಚಿತ್ರ ಏನೂ ಇಲ್ಲ: ಶಾಯಿ ಕಬ್ಬಿಣದ ಲವಣ ಮತ್ತು ಮರದ ಗಂಟುಕಾಯಿಯಿಂದ ಕಾಸಿದ್ದು, ನೀಲಿ ಅಝುರೈಟ್ ಕಲ್ಲನ್ನು ಅರೆದದ್ದು, ಕೆಂಪು ಕಾವಿಮಣ್ಣು, ಹಸಿರು ತಾಮ್ರದ್ದು. ಆ ಕಾಲದ ಯುರೋಪಿನ ಯಾವ ಬರಹಗಾರನ ಮೇಜಿನ ಮೇಲೂ ಇದ್ದಿರಬಹುದಾದ ಸರಕು. ಕರುವಿನ ಚರ್ಮದ ಹಾಳೆಗಳ ಇಂಗಾಲ ಪರೀಕ್ಷೆ 1404ರಿಂದ 1438ರ ನಡುವಿನ ಕಾಲ ಎನ್ನುತ್ತದೆ.

ಇನ್ನು ಗಿಡಗಳ ವಿಷಯ. 9ನೇ ಹಾಳೆಯ ಹಿಂಬದಿಯಲ್ಲಿ ಒಂದು ಪುಟ್ಟ ಗಿಡವಿದೆ, ಐದೆಸಳಿನ ಹೂವು. ಅದು ವಯೋಲಾ, ನಮ್ಮ ಕೈತೋಟದವರು ಪ್ಯಾನ್ಸಿ ಎನ್ನುವ ಹೂವಿನ ಕುಲದ್ದು ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. 2ನೇ ಹಾಳೆಯ ಹಿಂಬದಿಯಲ್ಲಿ ಅಗಲವಾದ ದುಂಡೆಲೆಯ, ಬಿಳಿ ಹೂವಿನ ಒಂದು ನೀರ್ಗಿಡ, ನೈದಿಲೆಯ ಚಹರೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಹೆಸರು ಹಚ್ಚಲು ಆಗುವುದಿಲ್ಲ ನಿಜ. ಎಲೆ ಒಂದರದ್ದು, ಹೂವು ಇನ್ನೊಂದರದ್ದು, ಬೇರು ಮತ್ತೊಂದರದ್ದು ಎಂಬಂತಿವೆ. ಎಷ್ಟೋ ಕಡೆ ಬೇರಿನ ತಲೆಯನ್ನು ಸಮವಾಗಿ ಕೊಯ್ದು ಅದರ ಮೇಲೆ ಕಾಂಡವನ್ನು ನಿಲ್ಲಿಸಿದಂತಿದೆ. 33ನೇ ಹಾಳೆಯ ಮುಂಬದಿಯ ಗಿಡದ ಬೇರುಗಳ ತುದಿಯಲ್ಲಿ ಎರಡು ಮನುಷ್ಯ ಮುಖಗಳಿವೆ. 25ರ ಹಿಂಬದಿಯಲ್ಲಿ ಗಿಡದ ಬುಡದಲ್ಲಿ ಡ್ರ್ಯಾಗನ್ನಿನಂಥ ಒಂದು ಪುಟಾಣಿ ಪ್ರಾಣಿ ಬಾಯಿಟ್ಟು ನಿಂತಿದೆ.

ಇದನ್ನೆಲ್ಲ ನೋಡಿ ಬೇರೆ ಲೋಕಕ್ಕೆ ಹಾರುವ ಮುಂಚೆ ಅದೇ ಕಾಲದ ಬೇರೆ ಸಸ್ಯಗ್ರಂಥಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಉತ್ತರ ಇಟಲಿಯಲ್ಲಿ 14 ಮತ್ತು 15ನೇ ಶತಮಾನಗಳಲ್ಲಿ ತಯಾರಾದ, ವಿದ್ವಾಂಸರು ‘ರಸವಾದಿಗಳ ಸಸ್ಯಗ್ರಂಥಗಳು’ ಎಂದು ಕರೆಯುವ ಒಂದು ಗುಂಪೇ ಇದೆ. ಅವುಗಳಲ್ಲೂ ಬೇರುಗಳು ಹಾವಾಗುತ್ತವೆ, ಮೃಗವಾಗುತ್ತವೆ, ಮುಖವಾಗುತ್ತವೆ. ಮ್ಯಾಂಡ್ರೇಕ್ ಎಂಬ ಔಷಧಿ ಗಿಡದ ಬೇರನ್ನು ಮನುಷ್ಯಾಕಾರದಲ್ಲಿ ತೋರಿಸುವ ರೂಢಿಯಂತೂ ಕ್ರಿ.ಶ. 512ರ ಸುಮಾರಿಗೆ ಕಾನ್ಸ್ಟಾಂಟಿನೋಪಲ್‌ನಲ್ಲಿ ಸಿದ್ಧವಾದ, ಗ್ರೀಕ್ ವೈದ್ಯ ಡಯಾಸ್ಕೊರಿಡೀಸನ ಔಷಧಿಗ್ರಂಥದ ಪ್ರತಿಯಲ್ಲೇ ಇದೆ. ಬೇರು ಔಷಧಿ, ಅದನ್ನೇ ಕೊಳ್ಳುವುದು, ಅದನ್ನೇ ಕುಟ್ಟುವುದು. ಹಾಗಾಗಿ ಬೇರನ್ನು ದೊಡ್ಡದಾಗಿ, ಮರೆಯದ ಹಾಗೆ ಬರೆದರು.

ಮತ್ತೊಂದು ಕಾರಣ ನಮ್ಮ ಕಸುಬಿನ ಒಳಗಿನದು. ಆಗ ಬಹುಪಾಲು ಚಿತ್ರಕಾರರು ಗಿಡ ನೋಡಿ ಬರೆಯುತ್ತಿರಲಿಲ್ಲ, ಹಳೆಯ ಚಿತ್ರ ನೋಡಿ ಬರೆಯುತ್ತಿದ್ದರು. ನಕಲಿನಿಂದ ನಕಲಿಗೆ ಹೋಗುವಾಗ ಕೆಡುವ ಮೊದಲ ವಿವರ, ಎಲೆ ಕಾಂಡಕ್ಕೆ ಕೂಡುವ ಜಾಗ. ಎದುರು ಬದುರೋ, ಒಂದಾದ ಮೇಲೊಂದೋ ಎಂಬುದು ನಾಲ್ಕನೆಯ ಕೈಗೆ ಬರುವಷ್ಟರಲ್ಲಿ ಮರೆತೇಹೋಗಿರುತ್ತದೆ. ಆಮೇಲೆ ಹೂವಿನ ತೊಟ್ಟು, ಅದರ ಬುಡದಲ್ಲಿರುವ ಪುಷ್ಪಪತ್ರ ಎಂಬ ಪುಟ್ಟ ಎಲೆ. ಕೊನೆಗೆ ಉಳಿಯುವುದು ಚೆಂದದ ಒಂದು ಆಕೃತಿ ಮಾತ್ರ. ರೋಮಿನ ಬರಹಗಾರ ಪ್ಲಿನಿ ಮೊದಲನೇ ಶತಮಾನದಲ್ಲೇ ಈ ದೂರು ಬರೆದಿಟ್ಟಿದ್ದಾನೆ: ಗಿಡದ ಚಿತ್ರಗಳನ್ನು ನಂಬುವ ಹಾಗಿಲ್ಲ, ನಕಲುಗಾರರ ಕೈಯಲ್ಲಿ ಅವು ಹಾಳಾಗುತ್ತವೆ ಎಂದು. ಗಿಡವನ್ನೇ ಎದುರಿಗಿಟ್ಟುಕೊಂಡು ಬರೆದವರೂ ಇದ್ದರೆನ್ನಿ. ಇಟಲಿಯ ಪಡುವಾ ನಗರದ ಕರಾರಾ ಮನೆತನಕ್ಕಾಗಿ 1400ರ ಆಸುಪಾಸಿನಲ್ಲಿ ಮಾಡಿದ ಸಸ್ಯಗ್ರಂಥದ ಎಲೆ, ಬಳ್ಳಿಗಳನ್ನು ಇವತ್ತೂ ಗುರುತು ಹಿಡಿಯಬಹುದು. ವಾಯ್ನಿಚ್‌ನ ಚಿತ್ರಕಾರರು ಆ ಸಾಲಿನವರಲ್ಲ, ಅಷ್ಟೆ.

ಸೂರ್ಯಕಾಂತಿಯ ವಾದವನ್ನೂ ನಿಮ್ಮ ಬರಹ ಎತ್ತಿಕೊಂಡಿದೆ. 1944ರಲ್ಲಿ ಸಸ್ಯಶಾಸ್ತ್ರಜ್ಞ ಹ್ಯೂ ಒ’ನೀಲ್ 93ನೇ ಹಾಳೆಯ ದೊಡ್ಡ ಹೂವನ್ನು ಸೂರ್ಯಕಾಂತಿ ಎಂದರು. ಸೂರ್ಯಕಾಂತಿ ಅಮೆರಿಕದ ಗಿಡವಾದ್ದರಿಂದ ಪುಸ್ತಕ ಕೊಲಂಬಸನ ನಂತರದ್ದು ಎಂಬ ತರ್ಕ ಅದು. ನನ್ನ ಮಟ್ಟಿಗೆ ಆ ಚಿತ್ರದಲ್ಲಿ ಕಾಣುವುದು ಸೇವಂತಿಗೆ ಕುಟುಂಬದ, ಚೆಂಡಿನಂತೆ ದುಂಡಗಿರುವ ಒಂದು ಹೂವು. ಆ ಕುಟುಂಬದ ನೂರಾರು ಗಿಡಗಳು ಯುರೋಪಿನ ಬೇಲಿಯಲ್ಲೇ ಇವೆ. ಅಷ್ಟು ಗೆರೆಗಳನ್ನು ನಂಬಿ ನಾನಂತೂ ಜಾತಿಯ ಹೆಸರು ಬರೆದುಕೊಡಲಾರೆ. ಮೇಲಾಗಿ ಬೇರೆ ಪುಟಗಳು ಹೇಳುವುದು ಇನ್ನೊಂದೇ: ಧನು ರಾಶಿಯ ಚಿತ್ರದಲ್ಲಿ ಅಡ್ಡಬಿಲ್ಲು ಹಿಡಿದ ಒಬ್ಬ ಮನುಷ್ಯ, ಒಂಬತ್ತು ವೃತ್ತಗಳ ದೊಡ್ಡ ಮಡಿಕೆ ಹಾಳೆಯಲ್ಲಿ ಪಾರಿವಾಳದ ಬಾಲದಂತೆ ಸೀಳಿದ ಗೋಡೆಹಲ್ಲುಗಳ ಕೋಟೆ. ಅಂಥ ಕೋಟೆಗಳು ಉತ್ತರ ಇಟಲಿಯಲ್ಲಿ ಈಗಲೂ ನಿಂತಿವೆ.

ಎಲ್ಲವೂ ಬಗೆಹರಿಯಿತು ಎಂದು ನಾನು ಹೇಳುತ್ತಿಲ್ಲ. ಹಸಿರು, ನೀಲಿ ಕೊಳಗಳಲ್ಲಿ ಸ್ನಾನಕ್ಕಿಳಿದ ಬೆತ್ತಲೆ ಹೆಂಗಸರ ಪುಟಗಳಿವೆಯಲ್ಲ, ಅವು ಇಂದಿಗೂ ನನ್ನನ್ನು ಕಾಡುತ್ತವೆ. ಇಟಲಿಯ ಪೊಜ್ಜುವೊಲಿಯ ಬಿಸಿನೀರ ಬುಗ್ಗೆಗಳ ಮೇಲೆ ಮಧ್ಯಯುಗದ ಕವಿ ಪಿಯೆಟ್ರೊ ದಾ ಎಬೋಲಿ ಬರೆದ ಪದ್ಯದ ಸಚಿತ್ರ ಪ್ರತಿಗಳಲ್ಲಿ ಸ್ನಾನದ ಕೊಳಗಳು ಸಿಗುತ್ತವೆ. ಆದರೆ ಕೊಳದಿಂದ ಕೊಳಕ್ಕೆ ಕರುಳಿನ ಹಾಗೆ ಸುತ್ತಿಕೊಂಡು ಹೋಗುವ ಈ ಕೊಳವೆಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಹೆಂಗಸರ ಮುಖಗಳನ್ನು ಬರೆದ ಕೈಗೆ ಮೈ ಬರೆಯುವ ಅಭ್ಯಾಸ ಕಡಿಮೆ, ಭುಜ ಕುತ್ತಿಗೆಗೆ ಸರಿಯಾಗಿ ಕೂತಿಲ್ಲ. ಆದರೂ ಒಬ್ಬೊಬ್ಬಳ ತಲೆಯುಡುಗೆಯನ್ನು ಬೇರೆ ಬೇರೆಯಾಗಿ ಮಾಡಲು ಪಟ್ಟ ಶ್ರಮ ನೋಡಿದರೆ ಪ್ರೀತಿ ಬರುತ್ತದೆ.

ನನ್ನ ಕೋರಿಕೆ ಇಷ್ಟು. ಮುಂದಿನ ಸಲ ‘ಲಿಪಿ ಬಿಡಿಸಿದರು’ ಎಂಬ ಸುದ್ದಿ ಬಂದಾಗ ಅದರ ಜೊತೆ ಒಂದು ಪುಟವನ್ನು ಕತ್ತರಿಸದೆ, ಅಕ್ಷರವೂ ಬೇರೂ ಕಾಣುವಂತೆ, ಹಾಳೆಯ ಸಂಖ್ಯೆ ಹಾಕಿ ಅಚ್ಚು ಮಾಡಿ. ಹೊಸ ವಾದ ಏನೇ ಇರಲಿ, ಅದು ಆ ಪುಟದ ಗಿಡಕ್ಕೆ ಹೊಂದುತ್ತದೆಯೇ ಎಂದು ಓದುಗರು ತಾವೇ ನೋಡಲಿ. ಚಿತ್ರಕಲಾ ಶಾಲೆಗಳಲ್ಲಿ ಪಾಠ ಹೇಳುವವರಿಗೂ ಒಂದು ಮಾತು. ಈ ಸಸ್ಯಪುಟಗಳ ಅಕ್ಷರ ಒಂದೇ ಕೈಯದಲ್ಲ ಎಂದು 1976ರಲ್ಲಿ ಸಂಕೇತಲಿಪಿ ತಜ್ಞ ಪ್ರೆಸ್ಕಾಟ್ ಕರಿಯರ್ ತೋರಿಸಿದರು. ಇಡೀ ಪುಸ್ತಕದಲ್ಲಿ ಐವರ ಕೈ ಇದೆ ಎಂದು ಹಳೆಯ ಹಸ್ತಪ್ರತಿಗಳ ತಜ್ಞೆ ಲಿಸಾ ಫೇಗಿನ್ ಡೇವಿಸ್ 2020ರಲ್ಲಿ ವಾದಿಸಿದರು. ಈಗಿರುವ ರಟ್ಟಿನೊಳಗೆ ಆ ಹಾಳೆಗಳು ಹಿಂದುಮುಂದಾಗಿ ಬೆರೆತಿವೆ. ಒಂದು ಕೈಯ ಅಕ್ಷರವಿರುವ ಗಿಡಗಳನ್ನೂ ಇನ್ನೊಂದು ಕೈಯ ಗಿಡಗಳನ್ನೂ ಬೇರೆ ಬೇರೆ ಹರಡಿ, ಬೇರಿನ ಗೆರೆ, ಎಲೆಯಂಚಿನ ಹಲ್ಲು, ತೊಟ್ಟಿನ ತಿರುವು ಹೋಲಿಸಿ ನೋಡುವ ಕೆಲಸಕ್ಕೆ ಲಿಪಿ ಗೊತ್ತಿರಬೇಕಾಗಿಲ್ಲ, ಗೆರೆ ಗೊತ್ತಿದ್ದರೆ ಸಾಕು. ಅಕ್ಷರ ಬರೆದವರೇ ಗಿಡವನ್ನೂ ಬರೆದರೇ? ಆಸಕ್ತ ವಿದ್ಯಾರ್ಥಿಗಳು ಸಿಕ್ಕರೆ ಜೊತೆಯಲ್ಲಿ ಕೂರಲು ನಾನು ಸಿದ್ಧಳಿದ್ದೇನೆ.

ಇತಿ,
ಸಸ್ಯಚಿತ್ರ ಕಲಾವಿದೆ, ಶಿರಸಿ